ಒಂದು ಸ್ಟೇಷನ್ ದೂರದಲ್ಲಿ

ಬಾಂಗ್ಸಾರ್, ಕ್ವಾಲಾಲಂಪುರ
4 ಏಪ್ರಿಲ್ 2025

ಅಮ್ಮಾ,

ನಿನ್ನ ಅರ್ಜಿ ವಾಪಸು ಬಂತು. ತಿರಸ್ಕರಿಸಿಲ್ಲ, ಅಪೂರ್ಣ ಎಂದು ಹಿಂದಿರುಗಿಸಿದ್ದಾರೆ. ಹೀಗೆ ಹೇಳಿದ್ದು ಪುತ್ರಜಯದ ವಲಸೆ ಕಚೇರಿಯ ಕೌಂಟರಿನಲ್ಲಿದ್ದ ಹೆಂಗಸು. ಒಳ್ಳೆಯವಳೇ. ಯಾವುದು ಇಲ್ಲ ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ ಕೊಟ್ಟಳು.

ನಿನ್ನ ಕೆಂಪು ಕಾರ್ಡು ಶಾಶ್ವತ ನಿವಾಸದ್ದು ನಿಜ. ಆದರೆ ದೇಶ ಬಿಟ್ಟು ಹೋಗಿ ಮತ್ತೆ ಬರಲು ಪಾಸ್‌ಪೋರ್ಟಿನಲ್ಲಿ ಬೇರೆ ಪರವಾನಗಿ ಮುದ್ರೆ ಬೇಕು. ನಿನ್ನದು 2019ರ ಜುಲೈಗೆ ಮುಗಿದಿದೆ. ಅಲ್ಲಿಗೆ ನಿವಾಸದ ಹಕ್ಕೂ ಬಿದ್ದುಹೋಯಿತು. ಅದನ್ನು ಮತ್ತೆ ಕೊಡಿ ಎಂದು ಕೇಳಬೇಕಾದರೆ ಆ ಮುದ್ರೆ ಇದ್ದ ಹಳೆಯ ಪಾಸ್‌ಪೋರ್ಟು ಬೇಕಂತೆ. ನೀನು ಹನ್ನೊಂದು ವರ್ಷ ಯಾಕೆ ಹೊರಗಿದ್ದೆ ಎಂಬ ವಿವರಣೆ ಬೇಕಂತೆ. ಜಾಮೀನುದಾರರಾಗಿ ಅಪ್ಪನ ಸಹಿಯೂ ಬೇಕು. ಈಗ ಅಪ್ಪ ಈ ದೇಶದ ನಾಗರಿಕರು, ಕಾಗದದ ಮೇಲೆ ಇನ್ನೂ ನಿನ್ನ ಗಂಡ. ಮಗಳ ಸಹಿ ನಡೆಯುವುದಿಲ್ಲವೇ ಎಂದು ಕೇಳಿದೆ. ಗಂಡ ಇರುವಾಗ ಮಗಳು ಯಾಕೆ ಎಂದಳು.

ಫೋನಿನಲ್ಲಿ ಹೇಳದೆ ಬರೆಯುತ್ತಿರುವುದಕ್ಕೆ ಬೇಸರ ಬೇಡ. ಫೋನಿನಲ್ಲಿ ಐದನೇ ನಿಮಿಷಕ್ಕೆ ನಾವು ಜಗಳ ಆಡುತ್ತೇವೆ, ಆರನೆಯದಕ್ಕೆ ನೀನು "ಇಡ್ತೇನೆ" ಅನ್ನುತ್ತೀ. ಆಸ್ಪತ್ರೆಯಲ್ಲಿ ನನ್ನ ಕೆಲಸವೇ ಹಳೆಯ ಕೇಸುಗಳ ಕಡತ ಓದಿ ಎಲ್ಲಿ ತಪ್ಪಿತು ಎಂದು ಪತ್ತೆ ಮಾಡುವುದು. ಬರೆದದ್ದು ಮುಂದಿದ್ದರೆ ನನಗೆ ತಲೆ ಓಡುತ್ತದೆ.

ನೀನು ಕಳಿಸಿದ ವಿವರಣೆಯಲ್ಲಿ "ತಾಯಿಯ ಸೊಂಟದ ಮೂಳೆ ಮುರಿದ ಕಾರಣ ಮಣಿಪಾಲಕ್ಕೆ ಹೋದೆ" ಎಂದಿದೆ. ಅದು 2014ರ ಆಗಸ್ಟ್. ಅಮ್ಮಮ್ಮ ಹೋದದ್ದು 2017ರ ಮಾರ್ಚ್. ಆಮೇಲಿನ ಎಂಟು ವರ್ಷಕ್ಕೆ ಏನು ಬರೆಯಲಿ? ಅಧಿಕಾರಿಗೆ ಮಾತ್ರ ಅಲ್ಲ, ನನಗೂ ಗೊತ್ತಿಲ್ಲ. ಇಷ್ಟು ವರ್ಷ ಬೇಡವಾಗಿದ್ದ ಊರು ಈಗ ಯಾಕೆ ಬೇಕಾಯಿತು ಎಂಬುದೂ ಗೊತ್ತಿಲ್ಲ.

ಹಳೆಯ ಪಾಸ್‌ಪೋರ್ಟ್ ಕಳಿಸು. ಝೆರಾಕ್ಸ್ ಬೇಡ, ಅದೇ ಬೇಕು.

ಶರಣ್ಯಾ

*

ಮಣಿಪಾಲ
19 ಏಪ್ರಿಲ್ 2025

ಪ್ರಿಯ ಶರಣ್ಯಾ,

ಹಳೆಯ ಪಾಸ್‌ಪೋರ್ಟ್ ನನ್ನ ಬಳಿ ಇಲ್ಲ. ನಿನ್ನ ಅಪ್ಪನ ಬಳಿ ಇದೆ. 2019ರ ಫೆಬ್ರವರಿಯಲ್ಲಿ ಬ್ರಿಕ್‌ಫೀಲ್ಡ್ಸ್ ಮನೆಯ ವಿಳಾಸಕ್ಕೆ ಕೊರಿಯರ್ ಮಾಡಿದ್ದೆ. ರಸೀದಿ ಇಟ್ಟಿದ್ದೇನೆ, ಅದರ ಝೆರಾಕ್ಸ್ ಇದರ ಜೊತೆಗಿದೆ.

ಆದದ್ದು ಇಷ್ಟು. 2018ರಲ್ಲಿ ನನ್ನ ಪಾಸ್‌ಪೋರ್ಟಿನ ಅವಧಿ ಮುಗಿಯಿತು, ಹೊಸದು ಮಾಡಿಸಿದೆ. ಹಳೆಯದರ ಮೂಲೆ ಕತ್ತರಿಸಿ ಕೈಗೆ ಕೊಟ್ಟರು. ಮುದ್ರೆ ಅದರಲ್ಲೇ ಉಳಿಯಿತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಾರ್ಡಿನ ಮೇಲೆ ಶಾಶ್ವತ ಎಂದೇ ಬರೆದಿದೆಯಲ್ಲ, ಶಾಶ್ವತ ಅಂದರೆ ಶಾಶ್ವತ ಅಂದುಕೊಂಡೆ. ಮೂವತ್ತು ವರ್ಷ ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಹೇಳಿದವಳಿಗೆ ಇಷ್ಟು ಗೊತ್ತಾಗಲಿಲ್ಲವೇ ಎಂದು ನೀನು ಕೇಳುವ ಮೊದಲೇ ನಾನೇ ಕೇಳಿಕೊಂಡಿದ್ದೇನೆ.

ಈಗ ನಾನೊಂದು ಕೇಳುತ್ತೇನೆ. ಎಂಟು ವರ್ಷಕ್ಕೆ ಏನು ಬರೆಯಲಿ ಎಂಬ ಪ್ರಶ್ನೆ ನಿನ್ನದೋ, ಅವರದ್ದೋ? ನೀನು ಭಾನುವಾರ ಭಾನುವಾರ ಅಪ್ಪನ ಮನೆಗೆ ಹೋಗುತ್ತೀ ಎಂದು ನನಗೆ ಗೊತ್ತು. ನಾನು ಬರೆದ ಕಾಗದ ಆ ಮನೆಯಲ್ಲಿ ಊಟದ ಮೇಜಿನ ಮೇಲೆ ಇರುವುದಾದರೆ ಮೊದಲೇ ಹೇಳಿಬಿಡು.

ಈಗ ಯಾಕೆ ಎಂದೆಯಲ್ಲ. ಜನವರಿಯಲ್ಲಿ ನಾನು ನಿನ್ನ ಮನೆಗೆ ಬಂದ ದಿನವೇ ನಿನ್ನ ಮೇಧಾ ಕೇಳಿದಳು, "ಅಜ್ಜಿ, ವೆನ್ ಆರ್ ಯು ಗೋಯಿಂಗ್ ಬ್ಯಾಕ್?" ಇಪ್ಪತ್ತೆಂಟಕ್ಕೆ ಎಂದೆ. ಓಡಿಹೋಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಂದಳು. ಐದು ವರ್ಷದ ಮಗು ಅದು. ಅಜ್ಜಿ ಅಂದರೆ ಹೊರಡುವ ತಾರೀಖು ಇರುವವಳು ಎಂದು ಕಲಿತುಬಿಟ್ಟಿದೆ. ಮಾರ್ಚಿಗೆ ನನ್ನ ಕೆಲಸ ಮುಗಿಯಿತು. ಪ್ರವಾಸಿಯಾಗಿ ಬಂದು ಮೂವತ್ತು ದಿನಕ್ಕೊಮ್ಮೆ ಗಂಟು ಕಟ್ಟದೆ ಅವಳ ಹತ್ತಿರ ಇರಬೇಕು. ಅದಕ್ಕೆ ಕಾರ್ಡು ಬೇಕು. ಬೇರೆ ಗುಟ್ಟೇನೂ ಇಲ್ಲ.

ಎಂಟು ವರ್ಷಕ್ಕೆ "ಉದ್ಯೋಗ" ಎಂದು ಬರೆ.

ನಿನ್ನ ಅಮ್ಮ

*

ಬಾಂಗ್ಸಾರ್
11 ಮೇ 2025

ಅಮ್ಮಾ,

ಪಾಸ್‌ಪೋರ್ಟ್ ತಮ್ಮ ಬಳಿ ಇಲ್ಲ ಎಂದು ಅಪ್ಪ ಹೇಳುತ್ತಾರೆ. ಇವತ್ತು ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಎದುರು ಕೂತೇ ಕೇಳಿದೆ. ನಿನ್ನ ಕಾಗದ ಬ್ಯಾಗಿನಲ್ಲೇ ಇತ್ತು, ಮೇಜಿನ ಮೇಲೆ ಇಡಲಿಲ್ಲ. ನಮ್ಮ ಮಾತು ಹೀಗಿತ್ತು.

"ಅಪ್ಪ, ಅಮ್ಮನ ಹಳೇ ಪಾಸ್‌ಪೋರ್ಟ್ ಎಲ್ಲಿ?"

"ನನ್ನ ಹತ್ರ ಎಂತಕ್ಕೆ ಇರ್ತದೆ? ಅವಳದ್ದು ಅವಳ ಹತ್ರ."

"ನಿಮಗೇ ಕೊರಿಯರ್ ಮಾಡಿದ್ದಂತೆ. ರಸೀದಿ ಉಂಟು."

"ಕಳಿಸಿದ್ದಕ್ಕೆ ರಸೀದಿ ಇರ್ತದೆ. ಬಂದದ್ದಕ್ಕೆ ಉಂಟಾ?"

"ಹಾಗಾದ್ರೆ ಬರ್ಲಿಲ್ವಾ?"

"ಚಹಾ ಕುಡಿ ಮಾರಾಯ್ತಿ, ಆರ್ತದೆ."

ಬಂದಿಲ್ಲ ಎಂದು ಅವರು ಹೇಳಲಿಲ್ಲ. ಹೇಳದೆ ಇದ್ದದ್ದನ್ನು ಗುರುತು ಮಾಡಿಕೊಂಡೆ. ಜಾಮೀನು ಸಹಿಯ ಮಾತು ತೆಗೆದಾಗ ಕನ್ನಡಕ ಒರೆಸುತ್ತಾ, "ಅವಳಿಗೆ ಬೇಕಾದ್ದು ಕಾರ್ಡಾ, ಮನೆಯಾ, ಮೊದಲು ಕೇಳು" ಎಂದರು.

ಇನ್ನೊಂದು ವಿಷಯ. ಹೊರಡುವಾಗ ಎದುರು ಮನೆಯ ಮಹಾಲಕ್ಷ್ಮಿ ಆಂಟಿ ಲಿಫ್ಟಿನ ಹತ್ತಿರ ಸಿಕ್ಕಿದರು. "ಅಮ್ಮ ಬರ್ತಾರಂತಲ್ಲ? ಈ ಸಲನಾದ್ರೂ ಹೇಳಿ ಹೋಗ್ಲಿ ಲಾ. ಆ ಸಲ ಬೆಳಿಗ್ಗೆ ಬೆಳಿಗ್ಗೆನೇ ಪೆಟ್ಟಿಗೆ ಎಳ್ಕೊಂಡು ಹೋಗ್ಬಿಟ್ರು. ನನ್ನ ಇಡ್ಲಿ ಪಾತ್ರೆ ಇವತ್ತಿಗೂ ನಿಮ್ಮಪ್ಪನ ಮನೇಲೇ ಇದೆ" ಎಂದರು.

"ಯಾವ ಸಲ ಆಂಟಿ?"

"ಅದೇ, ನೀನು ಹೊಟ್ಟೆ ಹೊತ್ಕೊಂಡು ಮಲ್ಗಿದ್ಯಲ್ಲ, ಬೆಡ್ ರೆಸ್ಟು. ಆವಾಗ."

ನನಗೆ ಬೆಡ್ ರೆಸ್ಟ್ ಹೇಳಿದ್ದು ಒಂದೇ ಸಲ, 2019ರ ಮೇ ತಿಂಗಳಿನಿಂದ ಮೇಧಾ ಹುಟ್ಟುವವರೆಗೆ. ಆ ವರ್ಷ ನೀನು ಮಲೇಷ್ಯಾಕ್ಕೆ ಬಂದೇ ಇಲ್ಲ. ಬಾಣಂತನಕ್ಕೆ ಕರೆದಾಗ ರಜೆ ಸಿಗಲಿಲ್ಲ ಎಂದಿದ್ದೆ. ಆಂಟಿಗೆ ವಯಸ್ಸಾಯಿತು, ವರ್ಷ ಕಲಸಿಹೋಗಿರಬಹುದು. ಆದರೆ ಪಾತ್ರೆಯ ಲೆಕ್ಕದಲ್ಲಿ ಅವರು ತಪ್ಪುವವರಲ್ಲ.

ಹೊಸ ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ ಮಾತ್ರ ಕಳಿಸಿದ್ದೀ. ನಡುವಿನ ಎಲ್ಲ ಪುಟಗಳ ಪ್ರತಿ ಕಳಿಸು. ಖಾಲಿ ಪುಟಗಳದ್ದೂ.

ಶರಣ್ಯಾ

*

ಮಣಿಪಾಲ
30 ಮೇ 2025

ಶರಣ್ಯಾ,

ಎಲ್ಲ ಪುಟಗಳನ್ನೂ ಕಳಿಸಿದ್ದೇನೆ. ಒಂಬತ್ತನೇ ಪುಟ ನೋಡು.

ವಿವರ ನಿನ್ನ ಅಪ್ಪನನ್ನು ಕೇಳು. ಆರು ವರ್ಷ ನಾನು ಬಾಯಿ ಬಿಟ್ಟಿಲ್ಲ, ಅವರೂ ಬಿಟ್ಟಿಲ್ಲ. ಯಾರು ಮೊದಲು ಹೇಳಬೇಕಾದವರು ಎಂದು ನನಗೆ ಗೊತ್ತು.

ಅಮ್ಮ

*

ಬಾಂಗ್ಸಾರ್
22 ಜೂನ್ 2025

ಅಮ್ಮಾ,

ಒಂಬತ್ತನೇ ಪುಟದಲ್ಲಿ ಎರಡು ಮುದ್ರೆಗಳಿವೆ. ಒಳಗೆ ಬಂದದ್ದು 3 ಜೂನ್ 2019, ಹೊರಗೆ ಹೋದದ್ದು 17 ಜೂನ್ 2019. ಹದಿನಾಲ್ಕು ದಿನ.

ಆಗ ನನಗೆ ಏಳು ತಿಂಗಳು. ಇದೇ ಮನೆ, ಇದೇ ಕೋಣೆ. ನೀನಿದ್ದದ್ದು ಒಂದು ಸ್ಟೇಷನ್ ದೂರದಲ್ಲಿ, ರೈಲು ಹತ್ತಿದರೆ ನಾಲ್ಕು ನಿಮಿಷ. ಆ ಎರಡು ಭಾನುವಾರವೂ ಅಪ್ಪ ಬಂದಿದ್ದರು. ಒಂದು ಸಲ ಮಾವಿನ ಹಣ್ಣು ತಂದಿದ್ದರು. ನೀನು ಆ ಮನೆಯಲ್ಲಿ ಕೂತಿರುವಾಗ ಇಲ್ಲಿ ನನ್ನ ಮುಂದೆ ಹಣ್ಣು ಹೆಚ್ಚಿ ಕೊಟ್ಟು ಹೋದರು.

ಅದೇ ತಿಂಗಳ ಇಪ್ಪತ್ತನೇ ತಾರೀಖು ನೀನು ಮಣಿಪಾಲದಿಂದ ಫೋನ್ ಮಾಡಿ "ರಜೆ ಕೊಡ್ಲಿಲ್ಲ ಮಗಾ, ಪರೀಕ್ಷೆ ಉಂಟು" ಎಂದೆ. ನಾನು ನಂಬಿದೆ. ನನ್ನ ಬಾಣಂತನ ಮಾಡಿದ್ದು ಕ್ಲಾಂಗ್‌ನಿಂದ ಬಂದ ತಮಿಳು ಹೆಂಗಸು. ನಲವತ್ತು ದಿನ ಎಣ್ಣೆ ಹಚ್ಚಿ ನೀರು ಹಾಕಿದಳು. ಒಳ್ಳೆಯವಳು. ಮೊದಲ ವಾರ ದಿನಾ ಕೇಳುತ್ತಿದ್ದಳು, "ಅಮ್ಮಾ ವರಲಿಯಾ?" ಬರಲಿಲ್ಲವೇ ಎಂದು. ಆಮೇಲೆ ಕೇಳುವುದನ್ನು ಬಿಟ್ಟಳು.

ಅಪ್ಪನನ್ನು ಕೇಳು ಅನ್ನುತ್ತೀ. ಅಪ್ಪ ನಿನ್ನನ್ನು ಕೇಳು ಅನ್ನುತ್ತಾರೆ. ನಿಮ್ಮಿಬ್ಬರ ನಡುವೆ ಓಡಾಡುವುದು ನನ್ನ ಕೆಲಸವಲ್ಲ. ಆ ಹದಿನಾಲ್ಕು ದಿನ ಯಾಕೆ ಬಂದೆ, ಯಾಕೆ ಬಚ್ಚಿಟ್ಟೆ ಎಂದು ಬರೆದು ತಿಳಿಸುವವರೆಗೆ ಅರ್ಜಿಯ ಕಡತ ನನ್ನ ಕಪಾಟಿನಲ್ಲಿರುತ್ತದೆ. ಕೌಂಟರಿಗೆ ಹೋಗುವುದಿಲ್ಲ.

ಶರಣ್ಯಾ

*

ಮಣಿಪಾಲ
10 ಜುಲೈ 2025

ಶರಣ್ಯಾ,

ನಿನ್ನ ಬಾಣಂತನಕ್ಕೆಂದೇ ಬಂದೆ.

ನಿನಗೆ ಆಗಸ್ಟಿನಲ್ಲಿ ದಿನ ತುಂಬುತ್ತಿತ್ತು. ಮೂರು ತಿಂಗಳಾದರೂ ನಿನ್ನ ಜೊತೆ ಇರಬೇಕು ಎಂದುಕೊಂಡಿದ್ದೆ. ಪರವಾನಗಿ ಜುಲೈಗೆ ಮುಗಿಯುವುದಿತ್ತು, ಅದೂ ಹಳೆಯ ಪಾಸ್‌ಪೋರ್ಟಿನಲ್ಲಿ. ಹೊಸದಕ್ಕೆ ಹತ್ತಿಸಬೇಕಾದರೆ ಜಾಮೀನುದಾರನೇ ವಿಚಾರಿಸಿದರೆ ಬೇಗ ಆಗುತ್ತದೆ ಎಂದು ಯಾರೋ ಹೇಳಿದರು. ಹಾಗಾಗಿ ಫೆಬ್ರವರಿಯಲ್ಲಿ ಅವರಿಗೆ ಕಳಿಸಿದೆ. ಮಾರ್ಚಿನಲ್ಲಿ ಕೇಳಿದರೆ "ನೋಡ್ತಿದ್ದೇನೆ" ಎಂದರು. ಏಪ್ರಿಲಿನಲ್ಲೂ ಅದೇ ಮಾತು. ಮೇ ತಿಂಗಳಲ್ಲಿ ನನಗೆ ಅನುಮಾನ ಹತ್ತಿತು.

ಮುದ್ರೆ ಅವರ ಕೈಯಲ್ಲಿತ್ತು. ನನ್ನ ಕೈಯಲ್ಲಿದ್ದದ್ದು ಬರೀ ಹೊಸ ಪುಸ್ತಕ. ಹದಿನೈದು ದಿನದ ಪ್ರವಾಸಿ ಪರವಾನಗಿ ಮಾಡಿಸಿ ಬಂದೆ. ಹದಿನಾರು ವರ್ಷ ಬಾಳಿದ ಊರಿಗೆ ಪ್ರವಾಸಿಗಳ ಸಾಲಿನಲ್ಲಿ ನಿಂತು ಬಂದೆ. ಇದನ್ನು ನಿನ್ನ ಅಪ್ಪನಿಗೆ ಹೇಳಲಿಲ್ಲ. ನಾಚಿಕೆಯಾಯಿತು. "ನೋಡು, ಹೊರಗಿನವಳಾಗಿ ಬಂದೆಯಲ್ಲ" ಎಂಬ ನೋಟ ಅವರ ಮುಖದಲ್ಲಿ ನೋಡಲು ನನಗೆ ಇಷ್ಟವಿರಲಿಲ್ಲ.

ಐದನೇ ತಾರೀಖು ಅರ್ಜಿ ತುಂಬಿಸಿ, ಸಹಿ ಹಾಕಿ, ಅವರ ಮುಂದಿಟ್ಟೆ. ನಾಳೆ ಹಾಕುತ್ತೇನೆ ಎಂದರು. ನಾಳೆ ನಾಳೆ ಎಂದು ಹನ್ನೊಂದು ದಿನ ಕಳೆಯಿತು. ಮುದ್ರೆ ಬಿದ್ದಮೇಲೆ ನಿನ್ನ ಮುಂದೆ ಬಂದು ನಿಂತು "ಮೂರು ತಿಂಗಳು ಇರ್ತೇನೆ" ಎನ್ನಬೇಕು ಎಂದಿದ್ದೆ. ಹದಿನೈದು ದಿನಕ್ಕೆ ಬಂದಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ. ಒಂದು ಮಧ್ಯಾಹ್ನ ಬಾಂಗ್ಸಾರ್ ಸ್ಟೇಷನ್ನಿನವರೆಗೆ ಬಂದು, ಗೇಟಿನ ಒಳಗೇ ಸ್ವಲ್ಪ ಹೊತ್ತು ಕೂತು, ಹಿಂದೆ ಹೋದೆ.

ಹದಿನಾರನೇ ತಾರೀಖು "ನಾಳೆ ಹೊರಡ್ತೇನೆ" ಎಂದೆ. ತಡೆಯುತ್ತಾರೆ ಎಂದುಕೊಂಡಿದ್ದೆ. "ಹೋಗುವುದಾದರೆ ಹೋಗು" ಎಂದರು. ಪಾಸ್‌ಪೋರ್ಟ್ ಕೊಡಿ ಎಂದರೆ ಎಲ್ಲಿಟ್ಟಿದ್ದೇನೋ ನೆನಪಿಲ್ಲ ಎಂದರು. ಆಗ ನನಗೆ ಅರ್ಥವಾಯಿತು. ನಾನು ಮತ್ತೆ ಬರಬಾರದು ಎಂದೇ ಅದನ್ನು ಇಟ್ಟುಕೊಂಡಿದ್ದರು. ನಿನ್ನ ಅಪ್ಪ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು ಎಂದು ಏಳು ತಿಂಗಳ ಬಸುರಿಗೆ ಹೇಳುವುದೇ? ರಜೆ ಸಿಗಲಿಲ್ಲ ಎಂದೆ.

ಎಂಟು ವರ್ಷದ ಪ್ರಶ್ನೆಗೂ ಉತ್ತರ ಬರೆದುಬಿಡುತ್ತೇನೆ. ಅಲ್ಲಿ ನಾನು ಡಾಕ್ಟರ್ ಸುಬ್ರಾಯರ ಹೆಂಡತಿ, ವರ್ಷ ವರ್ಷ ಗುತ್ತಿಗೆ ನವೀಕರಿಸಿಕೊಳ್ಳುವ ಪಾಠದವಳು. ಇಲ್ಲಿ ನನಗೊಂದು ವಿಭಾಗ ಇತ್ತು, ಬಾಗಿಲ ಮೇಲೆ ನನ್ನ ಹೆಸರಿತ್ತು. ಅಮ್ಮ ಹೋದಮೇಲೂ ನಾನು ಇಲ್ಲಿ ಉಳಿದದ್ದು ಉಳಿಯಲು ಇಷ್ಟವಾಗಿದ್ದಕ್ಕೆ. ಇದನ್ನು ಸರ್ಕಾರದ ಕಾಗದದಲ್ಲಿ ಹೇಗೆ ಬರೆಯುತ್ತಾರೋ ನನಗೆ ಗೊತ್ತಿಲ್ಲ.

ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಅಮ್ಮ

*

ಬಾಂಗ್ಸಾರ್
17 ಆಗಸ್ಟ್ 2025

ಅಮ್ಮಾ,

ಪಾಸ್‌ಪೋರ್ಟ್ ಸಿಕ್ಕಿತು. ಅಪ್ಪ ಕೊಡಲಿಲ್ಲ, ನಾನೇ ಹುಡುಕಿದೆ.

ನಿನ್ನ ಕಾಗದವನ್ನು ಪೂರ್ತಿ ನಂಬಿದೆ ಎಂದು ಬರೆಯಲಾರೆ. ಕೊರಿಯರ್ ರಸೀದಿಯ ಸಂಖ್ಯೆ ಹಾಕಿ ವಿಚಾರಿಸಿದೆ, ಆರು ವರ್ಷದ ಹಿಂದಿನದು ಸಿಗುವುದಿಲ್ಲ ಎಂದರು. ಹಾಗಾಗಿ ಇವತ್ತು ಬೆಳಿಗ್ಗೆ ಅಪ್ಪ ದೇವಸ್ಥಾನಕ್ಕೆ ಹೋದ ಸಮಯ ನೋಡಿ ನನ್ನ ಕೀಲಿಯಿಂದ ಬಾಗಿಲು ತೆಗೆದೆ. ಅಪ್ಪನ ಮನೆಯಲ್ಲಿ ಕಳ್ಳಿಯ ಹಾಗೆ ಕಪಾಟು ತೆಗೆದು ನೋಡಿದೆ. ಕಾಲೇಜಿನ ಕಡತಗಳು, ತೆರಿಗೆಯ ಕಡತಗಳು, ನನ್ನ ಹತ್ತನೇ ತರಗತಿಯ ಅಂಕಪಟ್ಟಿ. ಎಲ್ಲೂ ಇರಲಿಲ್ಲ. ಕೊನೆಗೆ ಮಂಚದ ಕೆಳಗೆ ಅವರ ಮೂಳೆ ಪೆಟ್ಟಿಗೆ ಕಂಡಿತು. ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದರಲ್ಲ, ತಂತಿಯಲ್ಲಿ ಪೋಣಿಸಿದ ಕೈಮೂಳೆಗಳು, ಅದೇ. ನಾವಿಬ್ಬರೂ ಮುಟ್ಟಲು ಹೆದರುತ್ತಿದ್ದ ಪೆಟ್ಟಿಗೆ. ಅಡಿಯ ಬಟ್ಟೆಯನ್ನು ಎತ್ತಿದರೆ ಅಲ್ಲಿತ್ತು. ಮೂಲೆ ಕತ್ತರಿಸಿದ ಪಾಸ್‌ಪೋರ್ಟು, ಅದರೊಳಗೆ ನಾಲ್ಕಾಗಿ ಮಡಿಸಿದ ಅರ್ಜಿ. ನಿನ್ನ ಸಹಿ, 5 ಜೂನ್ 2019. ಜಾಮೀನುದಾರನ ಜಾಗದಲ್ಲಿ ಅಪ್ಪನ ಕೈಬರಹದಲ್ಲೇ ಹೆಸರು, ವಿಳಾಸ, ಕಾರ್ಡಿನ ಸಂಖ್ಯೆ. ಸಹಿಯ ಗೆರೆಯ ಮೇಲೆ ಒಂದು ಚುಕ್ಕಿ ಮಾತ್ರ. ಪೆನ್ನು ಊರಿ ಎತ್ತಿದ್ದಾರೆ.

ಎದ್ದು ನಿಲ್ಲುವಷ್ಟರಲ್ಲಿ ಅಪ್ಪ ಬಂದರು. ಕೈಯಲ್ಲಿ ಹೋಟೆಲಿನಿಂದ ಟಪಾವ್ ಕಟ್ಟಿಸಿ ತಂದ ಇಡಿಯಪ್ಪದ ಪೊಟ್ಟಣ. ನನ್ನನ್ನು ನೋಡಿದರು, ಪೆಟ್ಟಿಗೆ ನೋಡಿದರು.

"ಹೂಂ. ಸಿಕ್ಕಿತಾ," ಎಂದರು.

"ಇಷ್ಟೇನಾ ಹೇಳೋದು?"

"ಮತ್ತೆಂತ ಹೇಳ್ಬೇಕು? ಇಲ್ಲ ಅಂದಿದ್ದೆ. ಉಂಟು."

"ಅಮ್ಮ ಮತ್ತೆ ಬರ್ಬಾರ್ದು ಅಂತಲ್ವಾ ಇಟ್ಕೊಂಡದ್ದು?"

ಪೊಟ್ಟಣ ಕೈಯಿಂದ ಜಾರಿತು. ಬಿಸಾಡಿದ್ದೋ ಬಿದ್ದದ್ದೋ ನನಗೆ ಇನ್ನೂ ಖಚಿತವಿಲ್ಲ. "ಹಾಗೆ ಹೇಳಿದ್ಲಾ ಅವಳು? ಬರ್ಬಾರ್ದು ಅಂತ?" ಎಂದು ಎರಡು ಸಲ ಕೇಳಿದರು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯ ಮೇಲೆ ಬಂದು, "ನಾನೇ ಬರೀತೇನೆ ಅವಳಿಗೆ. ನೀನು ಓದ್ಬೇಡ" ಎಂದರು.

ಪಾಸ್‌ಪೋರ್ಟು, ಅರ್ಜಿ ಎರಡೂ ನನ್ನ ಬಳಿ ಇವೆ. ಆ ಮನೆಯಲ್ಲಿ ಬಿಟ್ಟು ಬರಲಿಲ್ಲ.

ಶರಣ್ಯಾ

*

ಬ್ರಿಕ್‌ಫೀಲ್ಡ್ಸ್
6 ಸೆಪ್ಟೆಂಬರ್ 2025

ವಿನೋದಾ,

ಪಾಸ್‌ಪೋರ್ಟ್ ನನ್ನಲ್ಲಿತ್ತು. ಮಗಳು ಹೇಳಿರುತ್ತಾಳೆ. ಮೂರು ವಾರದಿಂದ ಬರೆದು ಹರಿಯುತ್ತಿದ್ದೇನೆ.

ನೀನು ತಿಳಿದದ್ದು ತಪ್ಪು. ನೀನು ಬರಬಾರದು ಎಂದು ಇಟ್ಟುಕೊಂಡದ್ದಲ್ಲ, ಹೋಗಬಾರದು ಎಂದು. ಆ ಮುದ್ರೆ ಇದ್ದರೆ ಆಗುವುದೇನು? ಬಾಣಂತನ ಮುಗಿಸಿ ಮಣಿಪಾಲಕ್ಕೆ ಹೋಗುತ್ತೀ, ಬೇಕೆನಿಸಿದಾಗ ಬರುತ್ತೀ, ಮತ್ತೆ ಹೋಗುತ್ತೀ. ಐದು ವರ್ಷ ಹಾಗೇ ಆಗಿತ್ತು, ಇನ್ನೈದು ವರ್ಷಕ್ಕೆ ನಾನೇ ಸಹಿ ಹಾಕಿ ಕೊಡುವುದೇ? ಪರವಾನಗಿ ಇಲ್ಲದೆ ಹೊರಗೆ ಕಾಲಿಟ್ಟರೆ ಹಕ್ಕು ಹೋಗುತ್ತದೆ, ಅದನ್ನು ಕಳೆದುಕೊಳ್ಳಲು ಇವಳು ಒಪ್ಪುವುದಿಲ್ಲ, ಹಾಗಾಗಿ ಇಲ್ಲೇ ಕೂರುತ್ತಾಳೆ ಎಂದು ಲೆಕ್ಕ ಹಾಕಿದೆ. ನೀನು ಕೆಂಪು ಕಾರ್ಡು ತೋರಿಸಿಯೇ ಒಳಗೆ ಬಂದಿದ್ದೀ ಎಂದುಕೊಂಡಿದ್ದೆ. ಹದಿನೈದು ದಿನದ ಕಾಗದ ಹಿಡಿದು ಬಂದವಳು ಎಂದು ನೀನು ಹೇಳಲಿಲ್ಲ. ಹೊಸ ಪಾಸ್‌ಪೋರ್ಟನ್ನು ನಾನು ತೆರೆದು ನೋಡಲೂ ಇಲ್ಲ.

"ಹೊರಡ್ತೇನೆ" ಎಂದೆಯಲ್ಲ, ಹೆದರಿಸುತ್ತಿದ್ದೀ ಎಂದುಕೊಂಡೆ. ಬೆಳಿಗ್ಗೆ ಲಿಫ್ಟಿನ ಸದ್ದು ಕೇಳಿದಾಗಲೂ ಹಾಗೇ ಅಂದುಕೊಂಡೆ. ಮಧ್ಯಾಹ್ನದವರೆಗೆ ಕಾದೆ. ಮೂರು ದಿನ ಬಿಟ್ಟು ರಜೆ ಸಿಗಲಿಲ್ಲ ಎಂದು ನೀನು ಫೋನ್ ಮಾಡಿದ್ದನ್ನು ಮಗಳೇ ಹೇಳಿದಳು. ನೀನು ಮುಚ್ಚಿಟ್ಟದ್ದರಿಂದ ನನಗೂ ಮುಚ್ಚಿಡಲು ಅನುಕೂಲವಾಯಿತು. ಅದು ನನ್ನ ಹೇಡಿತನ.

ಜಾಮೀನು ಪತ್ರದಲ್ಲಿ "ಅರ್ಜಿದಾರಳು ನನ್ನೊಂದಿಗೆ ಈ ವಿಳಾಸದಲ್ಲಿ ವಾಸಿಸುತ್ತಾಳೆ" ಎಂಬ ಸಾಲು ಇದೆ. ಅದಕ್ಕೆ ಸಹಿ ಹಾಕಬೇಕಾದರೆ ನನಗೊಂದು ಗೊತ್ತಾಗಬೇಕು. ನಿನಗೆ ಬೇಕಾದದ್ದು ಕಾರ್ಡೋ, ನಾನೋ? ಕಾರ್ಡು ಕೈಗೆ ಬಂದ ಮರುದಿನ ಬಾಂಗ್ಸಾರ್‌ಗೆ ಹೋಗುವುದಾದರೆ ಈಗಲೇ ಹೇಳು. ಸುಳ್ಳಿಗೆ ಸಹಿ ಹಾಕಲಾರೆ. ನಿಜಕ್ಕೇ ಹಾಕಲಿಲ್ಲ ಎಂದು ನೀನು ಅನ್ನಬಹುದು. ಅನ್ನು.

ಸುಬ್ರಾಯ

*

ಮಣಿಪಾಲ
24 ಸೆಪ್ಟೆಂಬರ್ 2025

ಇವರಿಗೆ,

ನಿಮ್ಮ ಕಾಗದ ತಲುಪಿತು. ನಾಲ್ಕು ಸಲ ಓದಿದೆ. ನಿಜ ಇರಬಹುದು. ಆರು ವರ್ಷ ಒಂದನ್ನೇ ನಂಬಿ ಕೂತವಳಿಗೆ ಇನ್ನೊಂದನ್ನು ನಂಬಲು ಸಮಯ ಬೇಕು. ಇದನ್ನು ಆಗಲೇ ಹೇಳಬಹುದಿತ್ತು. "ಹೋಗಬೇಡ" ಎಂದಿದ್ದರೆ ಒಂದೇ ಮಾತು, ಅದಕ್ಕೆ ಪಾಸ್‌ಪೋರ್ಟ್ ಬಚ್ಚಿಡಬೇಕಾಗಿರಲಿಲ್ಲ. ಅಂದಿದ್ದರೂ ನಾನು ಉಳಿಯುತ್ತಿದ್ದೆ ಎಂದು ಪ್ರಮಾಣ ಮಾಡಲಾರೆ. ಆದರೆ ನಮ್ಮ ಮಗಳ ಬಾಣಂತನ ಮುಗಿಸದೆ ಹೊರಡುತ್ತಿರಲಿಲ್ಲ.

ಕಾರ್ಡೋ ನೀವೋ ಎಂದು ಕೇಳಿದ್ದೀರಿ. ಕಾರ್ಡು. ನೀವು ಆಮೇಲಿನ ಮಾತು. ಮೂವತ್ತು ದಿನಕ್ಕೊಮ್ಮೆ ಹೊರಡಲೇಬೇಕಾದವಳು ನಿಮ್ಮ ವಿಷಯದಲ್ಲಿ ಏನು ತೀರ್ಮಾನ ಮಾಡಲು ಸಾಧ್ಯ? ಉಳಿಯುವ ಹಕ್ಕು ಇದ್ದು ನಿಮ್ಮ ಮನೆಯಲ್ಲಿ ಉಳಿದರೆ ಅದಕ್ಕೊಂದು ಅರ್ಥ ಇರುತ್ತದೆ. ಹಕ್ಕಿಲ್ಲದೆ ನಿಮ್ಮ ಸಹಿಯ ಆಸರೆಗೆ ಉಳಿದರೆ ನಾನು ಯಾಕೆ ಉಳಿದೆ ಎಂದು ನಿಮಗೂ ಗೊತ್ತಾಗುವುದಿಲ್ಲ, ನನಗೂ ಇಲ್ಲ. ಸಾಯುವವರೆಗೂ ಅನುಮಾನ ಪಡುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ವಾಸಿಸುತ್ತಾಳೆ ಎಂದು ಬರೆಯಬೇಡಿ. ಇದ್ದದ್ದನ್ನು ಬರೆಯಿರಿ. ನನ್ನ ವಿವರಣೆಯಲ್ಲಿ 2019ರ ವಿಷಯ ಬರೆದರೆ ನನಗೆ ಅನುಕೂಲ, ನಾನು ಸಮಯಕ್ಕೆ ಪ್ರಯತ್ನ ಪಟ್ಟಿದ್ದೆ ಎಂದಾಗುತ್ತದೆ. ಆದರೆ ಜಾಮೀನುದಾರನ ಮೇಲೆಯೇ ದೂರು ಹೇಳಿದ ಹಾಗೆ. ನಾನು ಬರೆಯುವುದಿಲ್ಲ. ಬರೆಯುವುದಾದರೆ ನೀವು ಬರೆಯಬೇಕು. ನೀವು ಬರೆಯುತ್ತೀರಿ ಎಂಬ ನಂಬಿಕೆ ನನಗಿಲ್ಲ.

ಮಹಾಲಕ್ಷ್ಮಿಯವರ ಇಡ್ಲಿ ಪಾತ್ರೆ ಅಡಿಗೆಮನೆಯ ಮೇಲಿನ ಹಲಗೆಯಲ್ಲಿದೆ. ಕೊಟ್ಟುಬಿಡಿ.

ವಿನೋದಾ

*

ಬಾಂಗ್ಸಾರ್
2 ನವೆಂಬರ್ 2025

ಅಮ್ಮಾ,

ಅರ್ಜಿಯನ್ನು ತೆಗೆದುಕೊಂಡರು. ಅಕ್ಟೋಬರ್ 14ಕ್ಕೆ ಸ್ವೀಕೃತಿ ಸಂಖ್ಯೆ ಬಂತು, ಮೊನ್ನೆ ಶುಕ್ರವಾರ ಸಂದರ್ಶನದ ನೋಟಿಸು ಬಂತು. ಎರಡರ ಪ್ರತಿಯೂ ಇದರ ಜೊತೆಗಿದೆ.

ಅಪ್ಪ ಸಹಿ ಹಾಕಿದ್ದಾರಾ, ಕಣ್ಣಾರೆ ನೋಡಿದೆಯಾ ಎಂದು ನೀನು ಕೇಳುತ್ತೀ. ನನ್ನ ಊಟದ ಮೇಜಿನ ಮೇಲೆ, ನನ್ನ ಮುಂದೆ ಹಾಕಿದರು. ಫೋಟೋ ತೆಗೆದಿದ್ದೇನೆ. "ವಾಸಿಸುತ್ತಾಳೆ" ಎಂಬ ಸಾಲನ್ನು ಹೊಡೆದುಹಾಕಿ, "ವಾಸಿಸುವುದು ಬಿಡುವುದು ಆಕೆಯ ತೀರ್ಮಾನ. ನನ್ನ ಮನೆಯಲ್ಲಿ ಆಕೆಗೆ ಕೋಣೆ ಇದೆ" ಎಂದು ಮಲಯ ಭಾಷೆಯಲ್ಲಿ ಬರೆದರು. ಹೊಡೆದುಹಾಕಿದ ಜಾಗದಲ್ಲಿ ಇನ್ನೊಂದು ಸಹಿ ಹಾಕಬೇಕು ಎಂದೆ. ಹಾಕಿದರು.

ಆಮೇಲೆ ಅಂಗಿಯ ಜೇಬಿನಿಂದ ಇನ್ನೊಂದು ಹಾಳೆ ತೆಗೆದರು. ಮನೆಯಲ್ಲೇ ಬರೆದು ತಂದಿದ್ದರು. ಅದರಲ್ಲಿ ಇದ್ದದ್ದು ಇಷ್ಟೇ: "ನನ್ನ ಹೆಂಡತಿ ತನ್ನ ಪರವಾನಗಿ ಮುಗಿಯುವ ಮೊದಲೇ, ಜೂನ್ 2019ರಲ್ಲಿ, ಅದನ್ನು ನವೀಕರಿಸಲು ಬಂದಿದ್ದಳು. ನಾನು ಸಹಿ ಹಾಕಲಿಲ್ಲ. ಪಾಸ್‌ಪೋರ್ಟನ್ನು ಆಕೆಗೆ ಹಿಂದಿರುಗಿಸಲಿಲ್ಲ. ಆ ಕಾರಣದಿಂದ ಅವಧಿ ಮುಗಿಯಿತು. ತಪ್ಪು ಆಕೆಯದ್ದಲ್ಲ." ಕೆಳಗೆ ಹೆಸರು, ಕಾರ್ಡಿನ ಸಂಖ್ಯೆ, ತಾರೀಖು.

"ಅಪ್ಪ, ಇದು ಕಡತದಲ್ಲಿ ಶಾಶ್ವತವಾಗಿ ಉಳೀತದೆ. ನಿಮ್ಮನ್ನೂ ಕೇಳ್ತಾರೆ," ಎಂದೆ.

"ಕೇಳ್ಲಿ. ನಲವತ್ತು ವರ್ಷ ನಾನು ಮೌಖಿಕ ಪರೀಕ್ಷೆ ಮಾಡಿದವ. ಒಂದು ಸಲ ಕೂತು ಕೊಡ್ತೇನೆ," ಎಂದರು.

ಕೌಂಟರಿನ ಹೆಂಗಸು ಆ ಹಾಳೆಯನ್ನು ಎರಡು ಸಲ ಓದಿದಳು. ಇದು ಅರ್ಜಿಗೆ ಒಳ್ಳೆಯದೋ ಕೆಟ್ಟದ್ದೋ ತಾನು ಹೇಳಲಾರೆ, ಅಧಿಕಾರಿ ನೋಡಬೇಕು ಎಂದಳು. ಎಂಟು ವರ್ಷದ ಜಾಗದಲ್ಲಿ ನೀನು ಹೇಳಿದ ಹಾಗೆ ಉದ್ಯೋಗ ಎಂದು ಬರೆದೆ. ಅದರ ಪಕ್ಕದಲ್ಲಿ "ಸ್ವಂತ ಇಚ್ಛೆಯಿಂದ" ಎಂದು ಸೇರಿಸಿದೆ. ಬೇಡವಾದರೆ ಹೇಳು.

ನಾನು ನಿಮ್ಮಿಬ್ಬರನ್ನೂ ಪೂರ್ತಿ ನಂಬುವ ಸ್ಥಿತಿಗೆ ಇನ್ನೂ ಬಂದಿಲ್ಲ. ಅಪ್ಪನ ಮಾತು ಸರಿ ಅನ್ನಿಸುತ್ತದೆ, ಮರುದಿನ ಅನ್ನಿಸುವುದಿಲ್ಲ. ನಿನ್ನದೂ ಹಾಗೇ. ಆದರೆ ಈ ಸಲ ಕಾಗದಗಳೆಲ್ಲ ಒಂದೇ ಕಡತದಲ್ಲಿವೆ, ಕಡತ ನನ್ನ ಕೈಯಲ್ಲಿದೆ.

ನಿನ್ನ ವಿಮಾನ 12ಕ್ಕೆ ಇಳಿಯುತ್ತದೆ. ಯಾವ ಮನೆಗೆ ಬರುತ್ತೀ ಎಂದು ನೀನು ಬರೆದಿಲ್ಲ. ಅಪ್ಪ ನಡುವಿನ ಕೋಣೆ ಖಾಲಿ ಮಾಡಿಸಿದ್ದಾರೆ, ಇಲ್ಲಿ ಮೇಧಾಳ ಕೋಣೆಯಲ್ಲಿ ಹಾಸಿಗೆ ಇದೆ. ನೋಟಿಸಿಗೆ ಉತ್ತರ ಕೊಡುವಾಗ ಒಂದೇ ವಿಳಾಸ ಬರೆಯಬೇಕು. ಶುಕ್ರವಾರದೊಳಗೆ ತಿಳಿಸು.

ಸಂದರ್ಶನ ನವೆಂಬರ್ 18, ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ. ಗಂಡ ಹೆಂಡತಿಯನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲು ಅಪ್ಪ, ಆಮೇಲೆ ನೀನು.

ಶರಣ್ಯಾ